ಅವಿಶ್ವಾಸ ನಿರ್ಣಯದ ಕಲಾಪ ನೋಡುವುದು ಹೇಗೆ?

ಅವಿಶ್ವಾಸ ನಿರ್ಣಯ, ಅಂದರೆ ಸರ್ಕಾರದ ಮೇಲೆ ಸದನಕ್ಕೆ ನಂಬಿಕೆ ಇಲ್ಲ ಅನ್ನುವ ನಿರ್ಣಯ, ಅಂದ ಕೂಡಲೇ ಎಲ್ಲರೂ ತಲೆ ಎಣಿಸುತ್ತಾರೆ. ಸರ್ಕಾರದ ಹತ್ತಿರ ಬಹುಮತ ಇದ್ದರೆ ಟಿವಿ ಆರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ನೋಡಬೇಕಾದ್ದು ಬೇರೆಯೇ ಇದೆ.

ಮೊದಲು ನೋಟಿಸ್. ಲೋಕಸಭೆಯ ನಿಯಮ 198ರಂತೆ ಸದಸ್ಯರೊಬ್ಬರು ಬೆಳಿಗ್ಗೆ 10 ಗಂಟೆಯೊಳಗೆ ಬರೆದು ಕೊಡಬೇಕು. ಕಾರಣ ಹೇಳಬೇಕಿಲ್ಲ. ರಾಜ್ಯಸಭೆಯಲ್ಲಿ ಇದಕ್ಕೆ ಜಾಗವಿಲ್ಲ, ಏಕೆಂದರೆ ಸಂವಿಧಾನದ 75(3)ನೇ ವಿಧಿಯಂತೆ ಇಡೀ ಮಂತ್ರಿಮಂಡಲ ಉತ್ತರ ಕೊಡಬೇಕಾದ್ದು ಲೋಕಸಭೆಗೆ.

ಸ್ಪೀಕರ್ ಕೇಳಿದಾಗ ಕನಿಷ್ಠ 50 ಮಂದಿ ಎದ್ದು ನಿಂತರೆ ಚರ್ಚೆಗೆ ಒಪ್ಪಿಗೆ. ಚರ್ಚೆಯ ದಿನ ಅಲ್ಲಿಂದ 10 ದಿನದೊಳಗೇ ಇರಬೇಕು.

ಇನ್ನು ಚರ್ಚೆ. ನನ್ನ ಪ್ರಕಾರ ಜೀವಾಳ ಇದೇ. ಒಂದು ಹಾಳೆ ತಗೊಳ್ಳಿ. ವಿರೋಧ ಪಕ್ಷ ಕೇಳಿದ ಪ್ರಶ್ನೆಗಳನ್ನು ಎಡಗಡೆ ಬರೆಯಿರಿ. ಪ್ರಧಾನಿ ಉತ್ತರ ಕೊಡುವಾಗ ಯಾವುದಕ್ಕೆ ಉತ್ತರ ಸಿಕ್ಕಿತು, ಯಾವುದು ಹಾಗೇ ಉಳಿಯಿತು ಅಂತ ಬಲಗಡೆ ಗುರುತು ಹಾಕಿ. 1963ರ ಆಗಸ್ಟ್‌ನಲ್ಲಿ ಆಚಾರ್ಯ ಕೃಪಲಾನಿ ಮೊದಲ ಅವಿಶ್ವಾಸ ನಿರ್ಣಯ ತಂದಾಗ ಪರವಾಗಿ ಬಿದ್ದದ್ದು ಬರೀ 62 ಮತ, ವಿರುದ್ಧ 347. ಸೋಲು ಮೊದಲೇ ಗೊತ್ತಿತ್ತು. ಆದರೂ ಚೀನಾ ಯುದ್ಧದ ಮರುವರ್ಷ ನೆಹರೂ ಸರ್ಕಾರ ಸದನದಲ್ಲಿ ಕೂತು ಎಲ್ಲ ಟೀಕೆ ಕೇಳಿಸಿಕೊಳ್ಳಬೇಕಾಯಿತು. ಇದು ಸಣ್ಣ ಮಾತಲ್ಲ, ಅಲ್ವಾ?

ಮತದಾನದ ಹೊತ್ತಿಗೆ 272 ಅನ್ನುವ ಸಂಖ್ಯೆ, ಅಂದರೆ ಇಡೀ ಲೋಕಸಭೆಯ ಅರ್ಧಕ್ಕಿಂತ ಹೆಚ್ಚು ಅನ್ನುವ ಲೆಕ್ಕ, ಮರೆತುಬಿಡಿ. ಹಾಜರಿದ್ದು ಮತ ಹಾಕಿದವರಲ್ಲಿ ಯಾರು ಜಾಸ್ತಿ, ಅಷ್ಟೇ ಲೆಕ್ಕ. ಹಾಗಾಗಿ ಸದನಕ್ಕೆ ಬಾರದವರ ಮೇಲೂ ಕಣ್ಣಿಡಿ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ಮೀರಿದರೆ ಸದಸ್ಯತ್ವವೇ ಹೋಗಬಹುದು. 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಅದಕ್ಕೇ ಇದೆ. ಯಾರೂ ಮತ ಎಣಿಸಲು ಪಟ್ಟು ಹಿಡಿಯದಿದ್ದರೆ ಧ್ವನಿಮತದಲ್ಲೇ ಮುಗಿಯುತ್ತದೆ. 2023ರಲ್ಲಿ ಹಾಗೇ ಆಯಿತು.

ವಿಶ್ವಾಸಮತದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದನ್ನು ಕೇಳುವುದು ಸ್ವತಃ ಸರ್ಕಾರ. 1997ರಲ್ಲಿ ದೇವೇಗೌಡರು ಸೋತದ್ದು ವಿಶ್ವಾಸಮತದಲ್ಲಿ. 1999ರ ಏಪ್ರಿಲ್ 17ರಂದು ವಾಜಪೇಯಿ 269–270ರಲ್ಲಿ, ಒಂದೇ ಮತದಿಂದ ಸೋತದ್ದೂ ಅದರಲ್ಲೇ.

ಸೋತರೆ ಸರ್ಕಾರ ರಾಜೀನಾಮೆ ಕೊಡಬೇಕು. ಜರ್ಮನಿಯಲ್ಲಾದರೆ ಮುಂದಿನ ಚಾನ್ಸಲರ್ ಯಾರು ಅಂತ ಆರಿಸದೆ ಈಗಿನವರನ್ನು ಇಳಿಸುವಂತಿಲ್ಲ. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದದ್ದು ಹಾಗೆ. ನಮ್ಮಲ್ಲಿ ಆ ಕಟ್ಟು ಇಲ್ಲ. 1999ರಲ್ಲಿ ಬೇರೆ ಯಾರಿಗೂ ಬಹುಮತ ಕೂಡಿಬರಲಿಲ್ಲ, ಲೋಕಸಭೆ ವಿಸರ್ಜನೆಯಾಗಿ ಜನ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು.