ಮಲೆನಾಡಿನ ಅಂಗಳದಲ್ಲಿ ಬೇಸಿಗೆಯ ಬರ್ನ್ಸ್ ಊಟ

ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು. ಸ್ಕಾಟ್ಲೆಂಡಿನವರು ಆ ರಾತ್ರಿ ಅವನ ಹೆಸರಿನಲ್ಲಿ ಊಟ ಇಟ್ಟುಕೊಳ್ಳುತ್ತಾರೆ. ಆದರೆ ಮೊಟ್ಟಮೊದಲ ಊಟ ನಡೆದದ್ದು 1801ರ ಜುಲೈನಲ್ಲಿ, ಅವನು ತೀರಿಕೊಂಡು ಐದು ವರ್ಷವಾದಾಗ, ಆಲೊವೇ ಊರಿನ ಅವನ ಹುಟ್ಟುಮನೆಯಲ್ಲೇ. ಹಾಗಾಗಿ ಬೇಸಿಗೆಯಲ್ಲಿ ಮಾಡಿದರೆ ಪದ್ಧತಿ ತಪ್ಪಿತೆಂದು ಅಂಜಬೇಕಿಲ್ಲ. ಅವರ ಬೇಸಿಗೆಯ ಜುಲೈ ನಮಗೆ ಜಡಿಮಳೆಯ ಕಾಲ. ನಮ್ಮ ಕಡೆ ಏಪ್ರಿಲ್ ಸರಿ.

ಏಪ್ರಿಲಿನಲ್ಲಿ ಅಡಿಕೆ ಒಣಗಿಸುವ ಅಂಗಳ ಖಾಲಿ ಇರುತ್ತದೆ. ನಲವತ್ತು ಜನಕ್ಕೆ 20 ಅಡಿ ಅಗಲ, 30 ಅಡಿ ಉದ್ದದ ಸೋಗೆ ಚಪ್ಪರ ಸಾಕು. ಮಧ್ಯಾಹ್ನ ಮೂರರ ಮೇಲೆ ಗುಡುಗು ಸಿಡಿಲಿನ ಮಳೆ ಬರುವ ತಿಂಗಳಿದು, ಆದ್ದರಿಂದ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ಎರಡರೊಳಗೆ ಕೈತೊಳೆಯಬೇಕು. ನೋಡಲು ಚಂದವೆಂದು ಕಾಡಿನಂಚಿಗೆ ಹೋಗಬೇಡಿ. ಮಂಗನ ಕಾಯಿಲೆಯ ಉಣುಗು ತರಗೆಲೆಯಲ್ಲಿ ಇರುವ ಕಾಲವೂ ಇದೇ. 1957ರಲ್ಲಿ ಆ ರೋಗ ಮೊದಲು ಗುರುತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಜಾಗ ಬದಲಿಸಿ. ಒಲೆಯ ಸುತ್ತ ಹತ್ತಡಿ ಗುಡಿಸಿ ನೀರು ಚಿಮುಕಿಸಿ. ಒಣ ಸೋಗೆಗೆ ಒಂದು ಕಿಡಿ ಸಾಕು.

ಊಟದ ನಡುನಾಯಕ ಹ್ಯಾಗಿಸ್. ಮೂಲದಲ್ಲಿ ಅದು ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶವನ್ನು ಓಟ್ಸ್, ಕೊಬ್ಬು, ಈರುಳ್ಳಿಯ ಜೊತೆ ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಬೇಯಿಸಿದ್ದು. ಸಸ್ಯಾಹಾರದ ಹ್ಯಾಗಿಸ್ ಸ್ಕಾಟ್ಲೆಂಡಿನಲ್ಲೇ ಮಾಮೂಲು, ಬಿಸಿಲಿಗೆ ನಮಗೆ ಅದೇ ಕ್ಷೇಮ. ನಲವತ್ತು ಜನಕ್ಕೆ ಮಸೂರ್ ಬೇಳೆ ಅರ್ಧ ಕೆಜಿ, ನೆನೆಸಿದ ರಾಜ್ಮಾ ಕಾಲು ಕೆಜಿ, ತರಿ ಓಟ್ಸ್ 750 ಗ್ರಾಂ, ಈರುಳ್ಳಿ ಮತ್ತು ಕ್ಯಾರೆಟ್ ಅರ್ಧರ್ಧ ಕೆಜಿ, ತುಪ್ಪ 200 ಗ್ರಾಂ, ಒಂದು ಜಾಯಿಕಾಯಿ, ಕುಟ್ಟಿದ ಕಾಳುಮೆಣಸು ಮೂರು ದೊಡ್ಡ ಚಮಚ. ಮೆಣಸಿನಲ್ಲಿ ಜಿಪುಣತನ ಬೇಡ, ಹ್ಯಾಗಿಸ್ ಖಾರವಾಗಿಯೇ ಇರಬೇಕು. ರಾಜ್ಮಾ ಪೂರ್ತಿ ಬೆಂದಿರಲಿ. ಓಟ್ಸನ್ನು ಘಮ ಬರುವವರೆಗೆ ಹುರಿದು, ಬೇಳೆ ಬೆಂದ ಕಟ್ಟಿನಲ್ಲಿ ಅರ್ಧ ಗಂಟೆ ನೆನೆಸಿ. ಅವಲಕ್ಕಿಯಂಥ ಓಟ್ಸ್ ಹಾಕಿದರೆ ಎಲ್ಲ ಅಂಟಾಗಿ ಗೋಂದು ಆಗುತ್ತದೆ.

ಬೆಂಕಿಯಲ್ಲಿ ಬಾಡಿಸಿದ ಬಾಳೆಎಲೆಯನ್ನು ಒದ್ದೆ ಪಂಚೆಬಟ್ಟೆಯ ಮೇಲೆ ಹಾಸಿ, ಮಿಶ್ರಣ ಇಟ್ಟು, ಎರಡು ಗಂಟು ಮಾಡಿ. ಗಂಟಿನೊಳಗೆ ಕಾಲುಭಾಗ ಸಡಿಲ ಬಿಡಬೇಕು. ಓಟ್ಸ್ ಇನ್ನೂ ಉಬ್ಬುತ್ತದೆ, ಬಿಗಿ ಕಟ್ಟಿದರೆ ಎಲೆ ಸೀಳುತ್ತದೆ. ಕಡುಬಿನ ಪಾತ್ರೆಯಲ್ಲಿ ಒಂದೂಕಾಲು ಗಂಟೆ ಹಬೆ ಕೊಡಿ. ಜೊತೆಗೆ ಹಿಸುಕಿದ ಆಲೂಗಡ್ಡೆ. ಅವರ ಟರ್ನಿಪ್ ಜಾಗದಲ್ಲಿ ನವಿಲುಕೋಸು ಹೊಂದುತ್ತದೆ. ವಿಸ್ಕಿಯ ಬದಲು ಮುರುಗಲ ಪಾನಕ: ಎಂಟು ಲೀಟರ್ ನೀರಿಗೆ ಒಣಸಿಪ್ಪೆ 300 ಗ್ರಾಂ, ಬೆಲ್ಲ ಒಂದು ಕೆಜಿ. ಹುಳಿಯಾದ್ದರಿಂದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡ, ಸ್ಟೀಲ್ ಪಾತ್ರೆಯೇ ಆಗಬೇಕು.

ಹ್ಯಾಗಿಸನ್ನು ಬ್ಯಾಗ್‌ಪೈಪ್ ನುಡಿಸುತ್ತ ತರುವುದು ರೂಢಿ. ಇಲ್ಲಿ ವಾಲಗ ಕರೆಸಿ. ಎರಡೂ ಊದಿದ ಗಾಳಿಗೆ ಅದುರುವ ಜೋಡಿ ನಾಲಿಗೆಯ ವಾದ್ಯ, ಎರಡರ ಹಿಂದೆಯೂ ಎಡೆಬಿಡದ ಶ್ರುತಿ ಇರುತ್ತದೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಹರಿವಾಣ ಮೇಜಿಗೆ ಬಂದಮೇಲೆ ವಾದ್ಯ ನಿಲ್ಲಬೇಕು. ಆಮೇಲೆ ಒಬ್ಬರು ಹ್ಯಾಗಿಸ್ ಕುರಿತ ಬರ್ನ್ಸನ ಎಂಟು ನುಡಿಗಳ ಪದ್ಯ ಹೇಳುತ್ತಾರೆ. ಮೂರನೆಯ ನುಡಿಯಲ್ಲಿ ದುಡಿಮೆಗಾರ ಚಾಕು ಒರೆಸಿಕೊಂಡು ಕತ್ತರಿಸುವ ಮಾತು ಬರುತ್ತದೆ, ಚಾಕು ಇಳಿಯಬೇಕಾದ್ದು ಆಗಲೇ. ಬಟ್ಟೆಯನ್ನು ಅಡುಗೆಮನೆಯಲ್ಲೇ ಬಿಚ್ಚಿ, ಎಲೆಯ ಮೇಲೆ ಎರಡು ಬೆರಳಗಲ ಗೀಟು ಕೊಟ್ಟಿರಿ. ಇಲ್ಲದಿದ್ದರೆ ಒಳಗಿನ ಹಬೆ ಮುಖಕ್ಕೆ ನುಗ್ಗುತ್ತದೆ, ಮೊಂಡ ಚಾಕುವಾದರೆ ಎಲೆ ಹಿಂಜಿ ಪದ್ಯದ ಲಯವೂ ಕೆಡುತ್ತದೆ.

ಬಹುಪಾಲು ಕಡೆ ಸೋಲುವುದು ಓದಿನಲ್ಲಿ. ಬರ್ನ್ಸ್ ಮುಖ್ಯವಾಗಿ ಬರೆದದ್ದು ತನ್ನ ರೈತಾಪಿ ಜನರ ಸ್ಕಾಟ್ಸ್ ನುಡಿಯಲ್ಲಿ. ಅದನ್ನು ಗ್ರಂಥದ ಕನ್ನಡಕ್ಕೆ ತಂದರೆ ಜೀವ ಹೋಗುತ್ತದೆ. ಹವ್ಯಕ ಮಾತೋ, ತೀರ್ಥಹಳ್ಳಿ ಕಡೆಯ ಮಾತೋ, ಓದುವವರ ಮನೆಮಾತಿಗೇ ತನ್ನಿ. ನೇಗಿಲು ತಾಗಿ ಗೂಡು ಕಳೆದುಕೊಂಡ ಇಲಿಯ ಮೇಲಿನ 1785ರ ಪದ್ಯ ಮೊದಲಿಗೆ ತಕ್ಕದ್ದು. ಗದ್ದೆ ಕಂಡವರಿಗೆ ವಿವರಣೆಯೇ ಬೇಕಾಗದು. ಒಂದು ನುಡಿ ಮೂಲದಲ್ಲಿ, ಕೂಡಲೇ ಅದು ಕನ್ನಡದಲ್ಲಿ; ಇಡೀ ಪದ್ಯ ಮುಗಿಸಿ ಅರ್ಥ ಹೇಳಹೊರಟರೆ ಜನ ಅಷ್ಟರಲ್ಲಿ ಕೈಬಿಟ್ಟಿರುತ್ತಾರೆ.

ಕವಿಯ ನೆನಪಿನ ಭಾಷಣ ಒಂದೇ ಇರಲಿ, ಹದಿನೈದು ನಿಮಿಷ ಮೀರದಿರಲಿ. ಹೆಂಗಸರ ಕುರಿತು ಗಂಡಸರೊಬ್ಬರ ಮಾತು, ಅದಕ್ಕೆ ಹೆಂಗಸರ ಉತ್ತರ, ಐದೈದು ನಿಮಿಷ ಸಾಕು.

ಕೊನೆಗೆ ಹಳೆಯ ಗೆಳೆತನ ನೆನೆಯುವ ಬರ್ನ್ಸನ ಹಾಡು ‘ಆಲ್ಡ್ ಲ್ಯಾಂಗ್ ಸೈನ್’. ಅದರ ಧಾಟಿ ಐದೇ ಸ್ವರದ್ದು, ನಮ್ಮ ಮೋಹನ ರಾಗದವೇ. ಭಜನೆ ಮೇಳದವರು ಎರಡು ದಿನದಲ್ಲಿ ಕಲಿಯುತ್ತಾರೆ. ವೃತ್ತವಾಗಿ ನಿಂತು ಸುಮ್ಮನೆ ಕೈಹಿಡಿದು ಹಾಡಿ. ಕೈ ಚಾಚುವ ಮಾತು ಬರುವ ಕೊನೆಯ ನುಡಿಯಲ್ಲಿ ಮಾತ್ರ ಬಲಗೈಯನ್ನು ಎಡಗೈ ಮೇಲೆ ಅಡ್ಡಹಾಯಿಸಿ, ಎಡಬಲದವರ ಕೈ ಹಿಡಿಯಬೇಕು.