ಸ್ಕೀ ಪ್ರವಾಸಕ್ಕೆ ಲಿಫ್ಟ್ ಪಾಸ್: ಯಾವುದು, ಎಷ್ಟು ದಿನಕ್ಕೆ, ಯಾವ ಗಡಿಯವರೆಗೆ?

ನಾನು ಮ್ಯೂನಿಕ್‌ನಲ್ಲಿ ನೆಲೆಸಿ ವರ್ಷಗಳಾದವು. ಡಿಸೆಂಬರ್ ಹತ್ತಿರವಾಯಿತೆಂದರೆ ಫೋನಿನಲ್ಲಿ ಒಂದೇ ಪ್ರಶ್ನೆ: "ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಿಗೆ ಸ್ಕೀ ಮಾಡಲು ಹೊರಟಿದ್ದೇವೆ, ಪಾಸ್ ಯಾವುದು ತೆಗೆದುಕೊಳ್ಳಲಿ?" ಕೇಳುವವರು ಬೆಂಗಳೂರಿನಿಂದ ಬರುವ ನೆಂಟರು, ಇಲ್ಲೇ ಕೆಲಸಕ್ಕಿರುವ ಕನ್ನಡದ ಗೆಳೆಯರು. ಹೋಟೆಲಿನ ದರವನ್ನು ಹತ್ತು ಕಡೆ ಹೋಲಿಸಿ ನೋಡಿದವರು ಪಾಸಿನ ವಿಷಯವನ್ನು ಮಾತ್ರ ಕೊನೆಗೆ ಬಿಡುತ್ತಾರೆ. ಬೆಳಿಗ್ಗೆ ಕೌಂಟರಿನ ಮುಂದೆ ನಿಂತಾಗ ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಆ ಗಡಿಬಿಡಿಯಲ್ಲಿ "ಎಲ್ಲದಕ್ಕೂ ಆಗುವುದನ್ನೇ ಕೊಡಿ" ಎಂದು ದುಬಾರಿ ಪಾಸ್ ಕೊಳ್ಳುತ್ತಾರೆ. ಇಲ್ಲವೇ ಅಗ್ಗದ್ದನ್ನು ಕೊಂಡು ಬೆಟ್ಟದ ಆಚೆ ಬದಿಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತಾರೆ. ಜನ ಸೇರುವ ಕಾಲದಲ್ಲಿ ಇಬ್ಬರು ದೊಡ್ಡವರಿಗೆ ಆರು ದಿನದ ಪಾಸ್ ಎಂದರೆ ಹೆಚ್ಚುಕಡಿಮೆ 800 ಯೂರೋ ಮಾತು. ಅಷ್ಟು ಹಣಕ್ಕೆ ಮನೆಯಲ್ಲೇ ಕುಳಿತು ಅರ್ಧ ಗಂಟೆ ಯೋಚಿಸುವುದು ಒಳ್ಳೆಯದು.

ಹೊಸಬರಿಗಾಗಿ ಒಂದು ಮಾತು. ಹಿಮದ ಇಳಿಜಾರಿನಲ್ಲಿ ಜಾರಿ ಇಳಿಯುವುದಕ್ಕೆ ಯಾರೂ ಹಣ ಕೇಳುವುದಿಲ್ಲ. ಹಣ ಕೊಡುವುದು ಮೇಲಕ್ಕೆ ಹತ್ತಿಸುವ ಗೊಂಡೋಲಾ, ಚೇರ್‌ಲಿಫ್ಟ್‌ಗಳಿಗೆ. ಪ್ರತಿ ಲಿಫ್ಟಿನ ಬುಡದಲ್ಲೂ ಒಂದು ಗೇಟು ಇರುತ್ತದೆ. ಜೇಬಿನಲ್ಲಿರುವ ಕಾರ್ಡಿನ ಚಿಪ್ಪನ್ನು ಅದೇ ಓದಿ ದಾರಿ ಬಿಡುತ್ತದೆ.

ಇಟಲಿಯ ಈಶಾನ್ಯದ ಡೊಲೊಮೈಟ್ಸ್‌ನಲ್ಲಿ ಹನ್ನೆರಡು ಸ್ಕೀ ಪ್ರದೇಶಗಳಿವೆ. ಎಲ್ಲಕ್ಕೂ ಸಲ್ಲುವ ಒಂದೇ ಪಾಸ್ "ಡೊಲೊಮಿಟಿ ಸೂಪರ್‌ಸ್ಕೀ". 1974ರಲ್ಲಿ ಆರಂಭವಾದ ಈ ಒಕ್ಕೂಟದಲ್ಲಿ ಇಂದು ಸುಮಾರು 450 ಲಿಫ್ಟ್‌ಗಳು, 1,200 ಕಿ.ಮೀ. ಇಳಿಹಾದಿಗಳಿವೆ. ಇದಲ್ಲದೆ ಪ್ರತಿ ಪ್ರದೇಶಕ್ಕೂ ತನ್ನದೇ ಪಾಸ್ ಇದೆ. ಅದನ್ನು ಇಲ್ಲಿ ಕಣಿವೆ ಪಾಸ್ ಎನ್ನುತ್ತೇನೆ.

ಮೊದಲನೆಯದು: ಊರಿನ ಹೆಸರು ಸರಿಮಾಡಿಕೊಳ್ಳಿ

ಇಲ್ಲಿನ ಊರುಗಳಿಗೆ ಮೂರು ಹೆಸರು: ಇಟಾಲಿಯನ್, ಜರ್ಮನ್ ಮತ್ತು ಈ ಕಣಿವೆಗಳ ಜನ ಮನೆಯಲ್ಲಾಡುವ ಲಡಿನ್ ಭಾಷೆಯದು. ಸೆಲ್ವಾ ಮತ್ತು ವೋಲ್ಕೆನ್‌ಸ್ಟೈನ್ ಒಂದೇ ಊರು. ಓರ್ಟಿಸೇಯಿಯೇ ಸಾಂಕ್ಟ್ ಉಲ್ರಿಚ್. ಕ್ರೋನ್‌ಪ್ಲಾಟ್ಸ್ ಮತ್ತು ಪ್ಲಾನ್ ಡಿ ಕೊರೋನೆಸ್ ಒಂದೇ ಬೆಟ್ಟ. ವೋಲ್ಕೆನ್‌ಸ್ಟೈನ್‌ನಲ್ಲಿ ಕೋಣೆ ಕಾದಿರಿಸಿದ್ದ ಗೆಳೆಯರೊಬ್ಬರು ಸೆಲ್ವಾ ಪಕ್ಕದೂರೆಂದು ತಿಳಿದು, ಅಲ್ಲಿಗೂ ನಡೆಯಲಿ ಎಂದು ದೊಡ್ಡ ಪಾಸ್ ಕೊಂಡಿದ್ದರು. ಮಲಗುವ ಊರಿನ ಮೂರೂ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಎರಡನೆಯದು: ಕಾಲಿನ ಶಕ್ತಿ ನೋಡಿ, ಆಮೇಲೆ ನಕ್ಷೆ ಬಿಡಿಸಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

1,200 ಕಿ.ಮೀ. ಎಂಬ ಅಂಕಿ ಕಂಡೊಡನೆ ಮನಸ್ಸು ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ. ಮಧ್ಯಮ ಮಟ್ಟದ ನನ್ನಂಥವರು ದಿನಕ್ಕೆ 30 ಕಿ.ಮೀ. ಇಳಿದರೆ ಸಂಜೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ. ಆರು ದಿನಕ್ಕೆ ಅದು 180 ಕಿ.ಮೀ. ಸೆಲ್ವಾ, ಓರ್ಟಿಸೇಯಿ ಊರುಗಳಿರುವ ವಾಲ್ ಗಾರ್ಡೇನಾದ ಕಣಿವೆ ಪಾಸ್ ಒಂದರಲ್ಲೇ, ಆಲ್ಪೆ ಡಿ ಸಿಯೂಸಿ ಹುಲ್ಲುಗಾವಲೂ ಸೇರಿ, ಸುಮಾರು 175 ಕಿ.ಮೀ. ಹಾದಿಗಳಿವೆ. ಇನ್ನೊಂದು ವಿಷಯ: ಹನ್ನೆರಡು ಪ್ರದೇಶಗಳಲ್ಲಿ ಕೆಲವು ಮಾತ್ರ ಹಿಮದ ಮೇಲೆ ಒಂದಕ್ಕೊಂದು ಹೊಂದಿಕೊಂಡಿವೆ. ಸೆಲ್ವಾದಲ್ಲಿ ಉಳಿದುಕೊಂಡವರು ಕ್ರೋನ್‌ಪ್ಲಾಟ್ಸ್‌ಗೋ ಕೊರ್ಟಿನಾ ಊರಿಗೋ ಹೋಗಬೇಕಾದರೆ ಬಸ್ಸನ್ನೋ ಕಾರನ್ನೋ ಹಿಡಿಯಲೇಬೇಕು. ನಕ್ಷೆಯಲ್ಲಿ ಇರುವುದೆಲ್ಲ ಕಾಲಿಗೆ ಸಿಗುವುದಿಲ್ಲ.

ಯುರೋಪಿನಲ್ಲಿ ಇಳಿಹಾದಿಗಳಿಗೆ ಬಣ್ಣದ ಗುರುತು ಇದೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ನಿಮ್ಮ ಗುಂಪಿನ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳಿ: ಕೆಂಪು ಹಾದಿಯನ್ನು ಹೆದರದೆ ಇಳಿಯುತ್ತೀರಾ? "ಹೋದ ವರ್ಷ ಒಮ್ಮೆ ಇಳಿದಿದ್ದೆ" ಎಂದರೆ ಅದನ್ನು ಇಲ್ಲ ಎಂದೇ ಬರೆದುಕೊಳ್ಳಿ.

ಮೊದಲ ಸಲ ಸ್ಕೀ ತೊಡುವವರು ಮೊದಲ ಎರಡು ದಿನ ಯಾವ ದೊಡ್ಡ ಪಾಸನ್ನೂ ಕೊಳ್ಳಕೂಡದು. ಅವರ ಲೋಕ ಕಲಿಕೆಯ ಇಳಿಜಾರಿನಷ್ಟೇ: ನೂರು ಮೀಟರ್ ಇಳಿಯುವುದು, ಚಲಿಸುವ ಪಟ್ಟಿಯ ಮೇಲೆ ನಿಂತು ಮತ್ತೆ ಹತ್ತುವುದು, ಬೀಳುವುದು, ಏಳುವುದು. ಆ ಪಟ್ಟಿಗೆ ಹಲವು ಕಡೆ ಬೇರೆ ಶುಲ್ಕವಿರುತ್ತದೆ. ಕೆಲವೆಡೆ ತರಬೇತಿಯ ಹಣದಲ್ಲೇ ಸೇರಿರುತ್ತದೆ. ಸ್ಕೀ ಶಾಲೆಗೆ ಹಣ ಕಟ್ಟುವ ಮುನ್ನವೇ "ಪಾಠಕ್ಕೆ ಯಾವ ಪಾಸ್ ಬೇಕು, ಎಂದಿನಿಂದ ಬೇಕು?" ಎಂದು ಕೇಳಿ. ತರಬೇತುದಾರರು ಮೂರನೆಯ ದಿನ ಮೇಲಕ್ಕೆ ಕರೆದೊಯ್ಯುತ್ತೇನೆ ಎಂದರೆ ಮೂರನೆಯ ದಿನದಿಂದ ಕೊಳ್ಳಿ. ಹೊಸಬರೇ ಹೆಚ್ಚಿರುವ ಗುಂಪಾದರೆ ಸೆಲ್ವಾ ಬಿಟ್ಟು ಓರ್ಟಿಸೇಯಿಯಲ್ಲಿ ಉಳಿಯಿರಿ. ಅಲ್ಲಿಂದ ಗೊಂಡೋಲಾ ಹತ್ತಿದರೆ ಆಲ್ಪೆ ಡಿ ಸಿಯೂಸಿ. ಅಗಲವಾಗಿ ಚಾಚಿಕೊಂಡ ಬಯಲು, ಮಂದವಾದ ನೀಲಿ ಹಾದಿಗಳು, ಎಲ್ಲಿ ಬಿದ್ದರೂ ಭಯವಿಲ್ಲ. ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ನಮ್ಮವರಲ್ಲಿ ಒಂದು ಅಭ್ಯಾಸವಿದೆ: ಮನೆಮಂದಿಗೆಲ್ಲ ಒಂದೇ ಬಗೆಯ ಪಾಸ್. ಅದರ ಅಗತ್ಯ ಖಂಡಿತ ಇಲ್ಲ. ಅಮ್ಮನಿಗೆ ಕಲಿಕೆಯ ಪಟ್ಟಿ, ಮಗನಿಗೆ ಕಣಿವೆ ಪಾಸ್, ಅಪ್ಪನಿಗೆ ಸೂಪರ್‌ಸ್ಕೀ ಎಂದು ಬೇರೆ ಬೇರೆ ಕೊಳ್ಳಬಹುದು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ತಲುಪಬಹುದಾದ ಒಂದು ಜಾಗವನ್ನು ಮೊದಲೇ ಗೊತ್ತು ಮಾಡಿಕೊಂಡರಾಯಿತು.

ಈಗ ಗಡಿಯ ಪ್ರಶ್ನೆ. ಸೆಲ್ಲಾ ಎಂಬ ದೊಡ್ಡ ಬಂಡೆಬೆಟ್ಟದ ಸುತ್ತ ನಾಲ್ಕು ಪ್ರದೇಶಗಳು ಕೂಡುತ್ತವೆ: ವಾಲ್ ಗಾರ್ಡೇನಾ, ಆಲ್ಟಾ ಬಾಡಿಯಾ, ಅರಬ್ಬಾ, ವಾಲ್ ಡಿ ಫಾಸ್ಸಾ. ಇವುಗಳ ನಡುವೆ ಹಿಮದಲ್ಲಿ ಬೇಲಿಯೂ ಇಲ್ಲ, ಗಡಿಕಲ್ಲೂ ಇಲ್ಲ. ಕೆಳಗಿಳಿಯುವಾಗ ನಿಮ್ಮನ್ನು ತಡೆಯುವವರು ಯಾರೂ ಇರುವುದಿಲ್ಲ. ತಡೆಯುವುದು ಮತ್ತೆ ಮೇಲೆ ಹತ್ತಬೇಕಾದಾಗ, ಕೆಳಗಿನ ಗೇಟಿನಲ್ಲಿ.

ನನ್ನ ಸೋದರಮಾವನ ಮಗ ಮತ್ತು ಅವನ ಹೆಂಡತಿಗೆ ಆದದ್ದು ಇದೇ. ಇಬ್ಬರ ಬಳಿಯೂ ವಾಲ್ ಗಾರ್ಡೇನಾ ಪಾಸ್. ಸೆಲ್ವಾದಿಂದ ಡಾಂಟರ್ಚೆಪಿಯೆಸ್ ಗೊಂಡೋಲಾ ಹತ್ತಿದರು. ಅದು ಅವರ ಪಾಸಿನಲ್ಲೇ ಇತ್ತು. ಮೇಲೆ ಒಳ್ಳೆಯ ಬಿಸಿಲು. ಕಿತ್ತಳೆ ಬಣ್ಣದ ಫಲಕಗಳನ್ನು ಹಿಂಬಾಲಿಸುತ್ತಾ ಗಾರ್ಡೇನಾ ಘಾಟಿಯ ಆಚೆ ಬದಿಗೆ ಇಳಿದು ಕೋಲ್ಫೋಸ್ಕೋ ಊರಿನ ತಲೆಯ ಬಳಿ ಬಂದರು. ಅಲ್ಲಿ ಹಿಂದಿರುಗಿಸುವ ಲಿಫ್ಟ್ ಆಲ್ಟಾ ಬಾಡಿಯಾದ್ದು. ಗೇಟಿನಲ್ಲಿ ಕೆಂಪು ದೀಪ. ಕಾರ್ಡನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿದ, ಕೈಗವಸು ಬಿಚ್ಚಿ ಒರೆಸಿದ, ಪಕ್ಕದ ಗೇಟಿಗೆ ಹೋದ, ಎಲ್ಲಿಯೂ ಕೆಂಪೇ. ಹಿಂದೆ ನಿಂತ ಜನಕ್ಕೆ ದಾರಿ ಬಿಡಲು ಇಬ್ಬರೂ ಸ್ಕೀಗಳನ್ನು ಅಡ್ಡಡ್ಡ ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕಾಯಿತು. ಕೊನೆಗೆ ಟಿಕೆಟ್ ಕಿಟಕಿಯಲ್ಲಿ ಮತ್ತೆ ಹಣ ತೆತ್ತು ಹಿಂದಿರುಗಿದರು. ಅವರಿಬ್ಬರೂ ದಡ್ಡರಲ್ಲ. ಗಡಿ ಎಲ್ಲಿದೆ ಎಂದು ಪಾಸ್ ಮಾರಿದವರು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಅದಕ್ಕೇ ನಾನು ಮಾಡುವುದು ಹೀಗೆ. ಲಿಫ್ಟ್ ಕಚೇರಿಯಲ್ಲಿ ಸಿಗುವ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತೇನೆ. ನಮ್ಮ ಪಾಸಿನ ಕೊನೆಯ ಲಿಫ್ಟ್ ಯಾವ ಯಾವ ದಿಕ್ಕಿನಲ್ಲಿದೆ ಎಂದು ಕೌಂಟರಿನವರನ್ನೇ ಕೇಳಿ, ದಪ್ಪ ಪೆನ್ನಿನಿಂದ ಗೆರೆ ಎಳೆಯುತ್ತೇನೆ. ಆ ಗೆರೆಯಾಚೆ ಇಳಿಯುವ ಪ್ರತಿ ಹಾದಿಗೂ ಒಂದು ಅಡ್ಡ ಗುರುತು. ನಕ್ಷೆ ಮಡಚಿ ಎದೆಯ ಜೇಬಿಗೆ. ಫೋನಿನ ಆ್ಯಪ್ ಚೆನ್ನಾಗಿಯೇ ಇದೆ, ಆದರೆ ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ.

ಕಿತ್ತಳೆ ಫಲಕಗಳೆಂದೆನಲ್ಲ, ಅವು ಸೆಲ್ಲಾರೋಂಡಾದವು. ಸೆಲ್ಲಾ ಬೆಟ್ಟಕ್ಕೆ ಒಂದು ಪೂರ್ತಿ ಪ್ರದಕ್ಷಿಣೆ. ಲಿಫ್ಟ್‌ಗಳೂ ಸೇರಿ ಸುಮಾರು 40 ಕಿ.ಮೀ., ನಾಲ್ಕು ಘಾಟಿಗಳು. ಗಡಿಯಾರದ ಮುಳ್ಳಿನ ದಿಕ್ಕಿಗೆ ಕಿತ್ತಳೆ, ಎದುರು ದಿಕ್ಕಿಗೆ ಹಸಿರು. ಇದಕ್ಕೆ ಸೂಪರ್‌ಸ್ಕೀ ಪಾಸ್ ಬೇಕೇ ಬೇಕು, ಬೇರೆ ಮಾರ್ಗವಿಲ್ಲ. ಕೆಂಪು ಹಾದಿ ಇಳಿಯಬಲ್ಲವರು ಇದನ್ನು ಬಿಡಬೇಡಿ. ಬೆಳಿಗ್ಗೆ ಹತ್ತರೊಳಗೆ ಹೊರಡಬೇಕು, ಮಧ್ಯಾಹ್ನ ಮೂರೂವರೆಯೊಳಗೆ ಕೊನೆಯ ಘಾಟಿ ದಾಟಿರಬೇಕು. ತಡವಾದರೂ, ಗಾಳಿಗೆ ಮೇಲಿನ ಲಿಫ್ಟ್ ನಿಂತರೂ ಬೇರೆ ಕಣಿವೆಯಲ್ಲಿ ಉಳಿದುಬಿಡುತ್ತೀರಿ. ಅಲ್ಲಿಂದ ಸ್ಕೀ ಬೂಟಿನಲ್ಲೇ ಟ್ಯಾಕ್ಸಿ ಹುಡುಕಬೇಕು.

"ಐದು ದಿನ ಕಣಿವೆ ಪಾಸ್, ಪ್ರದಕ್ಷಿಣೆಗೆಂದು ಒಂದು ದಿನ ಸೂಪರ್‌ಸ್ಕೀ" ಎಂಬ ಉಪಾಯ ಜಾಣತನದಂತೆ ಕಾಣುತ್ತದೆ. ಕೂಡಿಸಿ ನೋಡಿ. ಒಂದೇ ದಿನದ ಪಾಸ್ ಯಾವಾಗಲೂ ತುಟ್ಟಿ. ಜನ ಸೇರುವ ಕಾಲದಲ್ಲಿ ಸೂಪರ್‌ಸ್ಕೀ ದಿನದ ದರ 80 ಯೂರೋ ದಾಟುತ್ತದೆ. ಕಣಿವೆ ಪಾಸಿಗೂ ದೊಡ್ಡ ಪಾಸಿಗೂ ಇರುವ ಅಂತರ ದಿನಕ್ಕೆ ಕೆಲವೇ ಯೂರೋ. ಎರಡೂ ಮೊತ್ತ ಹತ್ತಿರ ಹತ್ತಿರವೇ ಬರುತ್ತವೆ. ಮೇಲಾಗಿ ಪ್ರದಕ್ಷಿಣೆಗೆ ಬಿಸಿಲಿನ ದಿನ ಸಿಕ್ಕಾಗ ಹೊರಡುವ ಸ್ವಾತಂತ್ರ್ಯ ದೊಡ್ಡ ಪಾಸಿನಲ್ಲಿದೆ. ಆದ್ದರಿಂದ ನನ್ನ ಮಾತು ಇಷ್ಟು: ವಾರವಿಡೀ ಇರುವ, ಕೆಂಪು ಹಾದಿ ಇಳಿಯಬಲ್ಲವರು ಸೂಪರ್‌ಸ್ಕೀ ಕೊಳ್ಳಲಿ. ಎರಡು ಮೂರು ದಿನಕ್ಕೆ ಬಂದವರಿಗೆ, ನೀಲಿ ಹಾದಿಯವರಿಗೆ ಕಣಿವೆ ಪಾಸ್ ಧಾರಾಳವಾಗಿ ಸಾಕು.

ಮೂರನೆಯದು: ದಿನಗಳ ಲೆಕ್ಕ

ಆರು ದಿನದ ಪಾಸ್ ಆರು ಬಿಡಿ ಪಾಸಿಗಿಂತ ಅಗ್ಗ. ಆದರೆ ಅದು ಬಹುತೇಕ ಸಾಲಾಗಿ ಆರು ದಿನಕ್ಕೆ. ಮೊದಲ ಬಾರಿ ಬಂದವರಿಗೆ ಮೂರನೆಯ ಬೆಳಿಗ್ಗೆ ತೊಡೆಯ ಸ್ನಾಯುಗಳು ಬಿಗಿದು ಹಾಸಿಗೆಯಿಂದ ಏಳುವುದೇ ಕಷ್ಟವಾಗುತ್ತದೆ. ಆ ದಿನ ಹಾಳು. ಬಿಡುವು ಬೇಕೆನ್ನುವವರು ಸಾಲಾಗಿರದ ದಿನಗಳ ಪಾಸ್ ಸಿಗುತ್ತದೆಯೇ ಎಂದು ವಿಚಾರಿಸಿ. ಬಂದಿಳಿದ ದಿನವನ್ನೂ ಹೊರಡುವ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಮ್ಯೂನಿಕ್‌ನಿಂದ ಬ್ರೆನ್ನರ್ ಘಾಟಿ ದಾಟಿ ಬರುವ ದಾರಿ ಶನಿವಾರಗಳಲ್ಲಿ ವಾಹನಗಳಿಂದ ಕಟ್ಟಿಹೋಗುತ್ತದೆ.

ರಜೆಯ ದಿನಾಂಕ ನಿಮ್ಮ ಕೈಯಲ್ಲಿದ್ದರೆ ಜನವರಿ 6ರ ಹಬ್ಬ ಕಳೆದ ನಂತರದ ವಾರಗಳನ್ನು ಆರಿಸಿ. ಕ್ರಿಸ್‌ಮಸ್, ಫೆಬ್ರವರಿಗಳಿಗಿಂತ ದರ ಇಳಿದಿರುತ್ತದೆ, ಸಾಲೂ ಚಿಕ್ಕದು.

ನಾಲ್ಕನೆಯದು: ವಯಸ್ಸು, ವಿಮೆ, ಹೆಲ್ಮೆಟ್

ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇದೆ. ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಇಟಲಿಯಲ್ಲಿ 2022ರ ಜನವರಿ 1ರಿಂದ ಸ್ಕೀ ಮಾಡುವ ಪ್ರತಿಯೊಬ್ಬರಿಗೂ ಹೊಣೆಗಾರಿಕೆ ವಿಮೆ ಕಡ್ಡಾಯ. ಪಾಸಿನ ಜೊತೆಗೇ ಕೊಳ್ಳಬಹುದು. ಇದು ನಿಮ್ಮಿಂದ ಇನ್ನೊಬ್ಬರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಕಾಲು ಮುರಿದರೆ ಇದರಿಂದ ಬಿಡಿಗಾಸೂ ಬರುವುದಿಲ್ಲ. ಭಾರತದಿಂದ ಬರುವವರು ಇಲ್ಲಿ ಬಹಳ ಎಚ್ಚರ ವಹಿಸಬೇಕು. ಷೆಂಗೆನ್ ವೀಸಾಕ್ಕೆಂದು ಮಾಡಿಸುವ 30,000 ಯೂರೋ ಪ್ರವಾಸ ವಿಮೆ ಇದೆಯಲ್ಲ, ಅಂಥ ಅನೇಕ ಪಾಲಿಸಿಗಳು ಸ್ಕೀಯಿಂಗ್ ಅನ್ನು ಸಾಹಸ ಕ್ರೀಡೆ ಎಂದು ಹೊರಗಿಟ್ಟಿರುತ್ತವೆ. ಹೊರಡುವ ಮುನ್ನ ಪಾಲಿಸಿಯ ಷರತ್ತುಗಳನ್ನು ಸಾಲು ಸಾಲಾಗಿ ಓದಿ, ಬೇಕಾದರೆ ಚಳಿಗಾಲದ ಕ್ರೀಡೆಗಳ ರಕ್ಷಣೆಯನ್ನು ಸೇರಿಸಿಕೊಳ್ಳಿ. ಹೆಲ್ಮೆಟ್ ಮೊದಲು ಹದಿನೆಂಟರೊಳಗಿನವರಿಗೆ ಮಾತ್ರ ಕಡ್ಡಾಯವಾಗಿತ್ತು. 2025ರ ನವೆಂಬರ್ 1ರಿಂದ ಎಲ್ಲರಿಗೂ.

ಐದನೆಯದು: ಕೊಳ್ಳುವುದು, ಕಾಪಾಡಿಕೊಳ್ಳುವುದು

ಅಧಿಕೃತ ಜಾಲತಾಣದಲ್ಲೇ ಮುಂಚಿತವಾಗಿ ಕೊಳ್ಳಿ. "ಸೇವಾ ಶುಲ್ಕ" ಸೇರಿಸಿ ಅದೇ ಪಾಸನ್ನು ಮಾರುವ ಮಧ್ಯವರ್ತಿ ತಾಣಗಳ ಸಹವಾಸ ಬೇಡ. ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಂಥ ಕಡೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ವಿಮಾನದ ಟಿಕೆಟ್ಟಿನಂತೆ ಬೇಡಿಕೆ ನೋಡಿ ದರ ಬದಲಾಗುತ್ತದೆ. ಊರಿಗೆ ಹೊರಟವರು ವಾಹನ ನಿಲ್ದಾಣದಲ್ಲಿ "ಇನ್ನೂ ಎರಡು ದಿನ ಉಳಿದಿದೆ" ಎಂದು ಮಾರುವ ಪಾಸನ್ನು ಮುಟ್ಟಲೇಬೇಡಿ. ಪಾಸ್ ಒಬ್ಬರ ಹೆಸರಿನದು, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಿತ್ತುಕೊಳ್ಳುತ್ತಾರೆ.

ಕಾರ್ಡನ್ನು ಜಾಕೆಟಿನ ಎಡ ಜೇಬಿನಲ್ಲಿ ಒಂಟಿಯಾಗಿ ಇಡಿ. ಗೇಟಿನ ಓದುಯಂತ್ರ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಮೊಬೈಲ್, ಕೀಲಿಗೊಂಚಲು, ಚಾಕೊಲೇಟಿನ ಬೆಳ್ಳಿಕಾಗದ ಯಾವುದೂ ಅದರ ಜೊತೆಗಿರಬಾರದು. ಬ್ಯಾಂಕ್ ಕಾರ್ಡಿನ ಕಳ್ಳತನ ತಡೆಯುತ್ತದೆಂದು ವಿಮಾನ ನಿಲ್ದಾಣಗಳಲ್ಲಿ ಮಾರುವ ಲೋಹದ ಹಾಳೆಯ ಪರ್ಸುಗಳಿವೆಯಲ್ಲ, ಅವು ಈ ಚಿಪ್ಪನ್ನೂ ಮುಚ್ಚಿಬಿಡುತ್ತವೆ. ಕೌಂಟರಿಗೆ ಹೋಗಿ "ಪಾಸ್ ಕೆಟ್ಟಿದೆ" ಎಂದು ವಾದಿಸುವವರ ಕೈಯಲ್ಲಿ ಅಂಥ ಪರ್ಸನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತೋಳಿಗೆ ಕಟ್ಟುವ ಪ್ಲಾಸ್ಟಿಕ್ ಚೀಲಕ್ಕೂ ಹಣ ಹಾಕಬೇಡಿ. ಜಾಕೆಟಿನ ತೋಳಿನಲ್ಲೇ ಸಣ್ಣ ಜಿಪ್ ಜೇಬಿದ್ದರೆ ಅದು ಇದಕ್ಕೆಂದೇ ಇರುವುದು.

ರಸೀದಿಯನ್ನು ಕಾರ್ಡಿನ ಜೊತೆ ಇಡದೆ ಹೋಟೆಲ್ ಕೋಣೆಯಲ್ಲಿಡಿ, ಅದರ ಮೇಲಿನ ಸಂಖ್ಯೆಯ ಚಿತ್ರವನ್ನು ಮನೆಯವರ ಫೋನಿಗೂ ಕಳುಹಿಸಿ. ಕಾರ್ಡು ಹಿಮದಲ್ಲಿ ಬಿದ್ದುಹೋದರೆ ಆ ಸಂಖ್ಯೆ ತೋರಿಸಿ ಹಳೆಯದನ್ನು ನಿಲ್ಲಿಸಿ, ಉಳಿದ ದಿನಗಳಿಗೆ ಹೊಸದನ್ನು ಕೇಳಬಹುದು.