ಟೇಪು ಹಿಡಿದವನಿಗೆ ಒಂದು ಡ್ರಾಯಿಂಗ್

ಬೆಳಗಾವಿಯ ಟಿಳಕವಾಡಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಡಿಟೇಲಿಂಗ್ ಕಚೇರಿ. ಇರುವವರು ಮೂವರು. ಕಟ್ಟಡ ಭಾರ ತಡೆಯುತ್ತದೆಯೇ ಎಂಬ ಲೆಕ್ಕ ನಮ್ಮದಲ್ಲ, ಅದು ವಿನ್ಯಾಸ ಎಂಜಿನಿಯರ್‌ಗೆ ಸೇರಿದ್ದು. ಅವರು ಕೊಟ್ಟ ನಕ್ಷೆಯನ್ನು ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವವನಿಗೆ ಬೇಕಾದಂತೆ ಬಿಡಿಸಿ ಕೊಡುವುದು ನಮ್ಮ ಪಾಲಿನದು. ಯಾವ ಬೀಮ್ ಎಷ್ಟು ಉದ್ದ, ತೂತು ಎಲ್ಲಿ, ವೆಲ್ಡಿಂಗ್ ಎಷ್ಟು ಮಿ.ಮೀ., ಒಟ್ಟು ತೂಕವೆಷ್ಟು ಎಂಬುದನ್ನೆಲ್ಲ ಹೇಳುವ ಆ ಹಾಳೆಗೆ ಶಾಪ್ ಡ್ರಾಯಿಂಗ್ ಎನ್ನುತ್ತಾರೆ.

ಮೊದಲಿಗೆ ಎಲ್ಲವನ್ನೂ ಆಟೋಕ್ಯಾಡ್‌ನಲ್ಲಿ ಗೆರೆ ಗೆರೆಯಾಗಿ ಎಳೆಯುತ್ತಿದ್ದೆವು. ಒಂದು ಸಕ್ಕರೆ ಕಾರ್ಖಾನೆಯ ಕೆಲಸದಲ್ಲಿ ಪ್ಲಾಟ್‌ಫಾರ್ಮಿನ ಹಾಳೆಯನ್ನು ನಾನು ಎಳೆದೆ, ಬ್ರೇಸಿಂಗ್, ಅಂದರೆ ಚೌಕಟ್ಟು ಅಲುಗದಂತೆ ಓರೆಯಾಗಿ ಕೊಡುವ ಕಬ್ಬಿಣದ ಹಾಳೆಯನ್ನು ನನ್ನ ಜೊತೆಗಾರ ಎಳೆದ. ಎರಡೂ ಹಾಳೆಗಳು ಬಿಡಿಯಾಗಿ ಸರಿಯೇ ಇದ್ದವು. ಸೈಟಿನಲ್ಲಿ ಏರಿಸಿದಾಗ ಬ್ರೇಸಿಂಗಿನ ಕಬ್ಬಿಣ ನೇರವಾಗಿ ಏಣಿಯ ದಾರಿಗೆ ಅಡ್ಡ ಬಂದಿತು. ಗ್ಯಾಸ್ ಕಟ್ಟರ್ ಹಿಡಿದು ಎತ್ತರದಲ್ಲಿ ಕುಳಿತವನು ಅಂದು ನನ್ನ ಹೆಸರು ಹಿಡಿದು ಏನೆಂದನೋ ಕೇಳಿಸಲಿಲ್ಲ. ಬಿಲ್ಲಿನಲ್ಲಿ ಕಡಿತವಾದದ್ದು ಮಾತ್ರ ಕಾಣಿಸಿತು. ಅದಾದ ಮೇಲೆಯೇ ನಾನು ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಕಡೆಗೆ, ಅಂದರೆ ಇಡೀ ಕಟ್ಟಡದ ಮಾದರಿಯನ್ನು ಮಾಹಿತಿಯ ಸಮೇತ ಕಂಪ್ಯೂಟರಿನಲ್ಲಿ ಕಟ್ಟುವುದರ ಕಡೆಗೆ ತಿರುಗಿದ್ದು.

ಬಿಮ್ ಎಂದರೆ ಮೂರು ಆಯಾಮದ ಚಿತ್ರ ಎಂದು ಅನೇಕರು ತಿಳಿದಿದ್ದಾರೆ. ಚಿತ್ರವಷ್ಟೇ ಆಗಿದ್ದರೆ ಇಷ್ಟು ದುಡ್ಡು ಸುರಿಯಬೇಕಾಗಿರಲಿಲ್ಲ. ನಾವು ಬಳಸುವ ಟೆಕ್ಲಾ ಎಂಬ ಸಾಫ್ಟ್‌ವೇರಿನಲ್ಲಿ ಒಂದು ಬೀಮ್ ಇಟ್ಟರೆ ಅದು ತಾನು ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ ಐ ಆಕಾರದ ಬೀಮ್) ಎಂದೂ, ಉಕ್ಕು ಭಾರತೀಯ ಮಾನಕ ಐಎಸ್ 2062ರ ಇ250 ದರ್ಜೆಯದೆಂದೂ, ತನ್ನ ತುದಿಗೆ ಎಷ್ಟು ಬೋಲ್ಟ್‌ಗಳಿವೆ ಎಂದೂ ಬಲ್ಲದು. ಬೀಮ್ ಸರಿಸಿದರೆ ಅದಕ್ಕೆ ಹೊಂದಿದ ಪ್ಲೇಟೂ ಸರಿಯುತ್ತದೆ, ಡ್ರಾಯಿಂಗೂ ಬದಲಾಗುತ್ತದೆ, ತೂಕದ ಪಟ್ಟಿಯೂ ತಿದ್ದಿಕೊಳ್ಳುತ್ತದೆ. ಅದೇ ಮಾದರಿಯಿಂದ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಕಟಿಂಗ್ ಯಂತ್ರಕ್ಕೆ ಫೈಲು ಕೂಡ ಹೊರಡುತ್ತದೆ.

ತೂಕದ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಫ್ಯಾಬ್ರಿಕೇಶನ್ ಬಿಲ್ಲು ಕಿಲೋ ಲೆಕ್ಕದಲ್ಲಿ ಆಗುವುದು. ಉಕ್ಕಿನ ಹಳೆಯ ಕೈಪಿಡಿಯಲ್ಲಿ ಐಎಸ್‌ಎಂಬಿ 300ರ ತೂಕ ಮೀಟರಿಗೆ 44.2 ಕಿಲೋ, ಆಮೇಲಿನ ಪಟ್ಟಿಯಲ್ಲಿ ಸುಮಾರು 46. ಮಾದರಿಯಲ್ಲಿ ಒಂದು ಪಟ್ಟಿ, ಗುತ್ತಿಗೆದಾರನ ಕಿಸೆಯಲ್ಲಿ ಇನ್ನೊಂದು ಪಟ್ಟಿ ಇದ್ದರೆ 100 ಮೀಟರಿಗೆ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಜಗಳ ಗ್ಯಾರಂಟಿ. ಕೆಲಸ ಶುರುವಾಗುವ ಮೊದಲೇ ಯಾವ ಪಟ್ಟಿ ಎಂದು ಬರೆಸಿಕೊಳ್ಳುತ್ತೇನೆ.

ಮಾದರಿಯಿಂದ ಮಾಡಿದ ನಮ್ಮ ಮೊದಲ ದೊಡ್ಡ ಕೆಲಸ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಸಾಗಿಸುವ ಕನ್ವೇಯರಿನ ಆಧಾರ ಗೋಪುರಗಳು. ಕಬ್ಬು ನುರಿಸುವ ಹಂಗಾಮು ಯಾರಿಗೂ ಕಾಯುವುದಿಲ್ಲ. ದೀಪಾವಳಿಯ ಸುಮಾರಿಗೆ ಬಾಯ್ಲರಿಗೆ ಬಗಾಸ್ ಬೀಳಲೇಬೇಕು. ಕಬ್ಬಿಣ ಸಿದ್ಧವಾಗುವುದು ಬೆಳಗಾವಿಯ ಉದ್ಯಮಬಾಗದ ಶೆಡ್ಡಿನಲ್ಲಿ. ಅಲ್ಲಿಂದ ಲಾರಿ ಯರಗಟ್ಟಿ, ಲೋಕಾಪುರ ದಾಟಿ ಹೋಗಬೇಕು. ಒಂದು ತೂತು ತಪ್ಪಿದರೂ ತುಂಡು ಅದೇ ದಾರಿಯಲ್ಲಿ ಮರಳಿ ಬರಬೇಕು.

ಮೊದಲ ಕಂತಿನ ಹಾಳೆಗಳನ್ನು ಬಣ್ಣಬಣ್ಣವಾಗಿ ಮುದ್ರಿಸಿ, ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡೇ ಉದ್ಯಮಬಾಗಕ್ಕೆ ಹೋದೆ. ಅಲ್ಲಿನ ಹಿರಿಯ ಫಿಟ್ಟರ್‌ಗೆ ಎಲ್ಲರೂ ಕಾಕಾ ಎನ್ನುತ್ತಾರೆ. ಕಾಕಾ ಹಾಳೆಯನ್ನು ಬೀಮಿನ ಮೇಲೆ ಹರಡಿ, ಹಾರದಂತೆ ನಾಲ್ಕು ನಟ್ ಇಟ್ಟು, ಟೇಪು ತೆಗೆದರು. ಆಮೇಲೆ ಸೀಮೆಸುಣ್ಣದಿಂದ ಬೀಮಿನ ಪಕ್ಕದ ನೆಲದ ಮೇಲೆ ಲೆಕ್ಕ ಬರೆಯತೊಡಗಿದರು. ನನಗೆ ಅರ್ಥವಾಗಲಿಲ್ಲ. ಬಗ್ಗಿ ನೋಡಿದರೆ ಅವರು ಕೂಡಿಸುತ್ತಿದ್ದರು. ನಾನು ತೂತಿನಿಂದ ತೂತಿಗೆ ಅಳತೆ ಕೊಟ್ಟಿದ್ದೆ: 85, 60, 1240, 60, 1310. ಅವರಿಗೆ ಬೇಕಾದದ್ದು 85, 145, 1385, 1445, 2755.

“ನೋಡು ತಮ್ಮಾ, ನಾನು ಟೇಪಿನ ಕೊಂಡಿ ಸಿಕ್ಕಿಸುವುದು ಒಂದೇ ಸಲ. ಪ್ರತಿ ತೂತಿಗೂ ಎತ್ತಿ ಇಟ್ಟರೆ ಪ್ರತಿ ಸಲ ಅರ್ಧ ಮಿ.ಮೀ. ತಿನ್ನುತ್ತದೆ,” ಎಂದರು.

ಇಷ್ಟು ವರ್ಷ ಶಾಪ್ ಡ್ರಾಯಿಂಗ್ ಮಾಡಿದವನು ಟೇಪು ಹಿಡಿದವನ ಪಕ್ಕದಲ್ಲಿ ಒಮ್ಮೆಯೂ ನಿಂತಿರಲಿಲ್ಲ ಎಂದು ನಾಚಿಕೆಯಾಯಿತು. ಅಂದು ಸಂಜೆಯೇ ಡ್ರಾಯಿಂಗಿನ ಸೆಟ್ಟಿಂಗ್ ಬದಲಿಸಿ, ಎಲ್ಲ ಅಳತೆಗಳೂ ಒಂದೇ ತುದಿಯಿಂದ ಏರುತ್ತ ಹೋಗುವಂತೆ ಮಾಡಿದೆ. ಸಾಫ್ಟ್‌ವೇರಿಗೆ ಅದು ಅರ್ಧ ತಾಸಿನ ಕೆಲಸ. ಆ ಸವಲತ್ತು ಮೊದಲಿನಿಂದಲೂ ಅದರಲ್ಲಿತ್ತು, ಹುಡುಕಲು ಕಾರಣ ಸಿಕ್ಕಿರಲಿಲ್ಲ.

ಕಾಕಾ ಇನ್ನೂ ಎರಡು ಬೇಡಿಕೆ ಇಟ್ಟರು. ಹಾಳೆಯ ಮೂಲೆಯಲ್ಲಿ ತುಂಡಿನ ಓರೆ ನೋಟದ ಚಿತ್ರವೊಂದು ಬೇಕು. ಎಡಗೈ ತುಂಡು, ಬಲಗೈ ತುಂಡು ಎಂದು ಒಂದೇ ಹಾಳೆಯಲ್ಲಿ “ಇದೇ ತಿರುಗುಮುರುಗು” ಎಂದು ಬರೆದು ಕೈತೊಳೆದುಕೊಳ್ಳಬಾರದು. ಕ್ಲೀಟನ್ನು, ಅಂದರೆ ಜೋಡಣೆಯ ಸಣ್ಣ ತುಂಡನ್ನು, ತಪ್ಪು ಮಗ್ಗುಲಿಗೆ ವೆಲ್ಡ್ ಮಾಡಿ ಕೆಟ್ಟ ತುಂಡುಗಳು ಯಾವ ಶೆಡ್ಡಿನಲ್ಲಿಲ್ಲ? ಗೆರೆ ಎಳೆಯುವ ಕಾಲದಲ್ಲಿ ಎರಡನೆಯ ಹಾಳೆ ಎಂದರೆ ಎರಡರಷ್ಟು ದುಡಿಮೆ. ಮಾದರಿ ಇದ್ದಾಗ ಒಂದು ಗುಂಡಿ ಒತ್ತುವುದಷ್ಟೇ.

ಇನ್ನು ನನ್ನ ಸ್ವಂತ ತಪ್ಪುಗಳು. ಮಾದರಿಯಲ್ಲಿ ಘರ್ಷಣೆ ಪರೀಕ್ಷೆ ಮಾಡಿದ್ದೆ. ಒಂದು ವಸ್ತು ಇನ್ನೊಂದರೊಳಗೆ ನುಗ್ಗಿದ್ದರೆ ಅದು ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಬಂದಿತು, ಖುಷಿಯಿಂದ ಕಳುಹಿಸಿದೆ. ಒಂದು ಕಂಬದೊಳಗಿನ ಸ್ಟಿಫ್‌ನರ್ (ಬಿಗಿತಕ್ಕೆ ಕೊಡುವ ಪ್ಲೇಟು) ಪಕ್ಕದಲ್ಲಿ ಎಂ20, ಅಂದರೆ 20 ಮಿ.ಮೀ. ದಪ್ಪದ ಬೋಲ್ಟ್ ಇತ್ತು. ಬೋಲ್ಟ್ ಸ್ಟಿಫ್‌ನರನ್ನು ಮುಟ್ಟಿರಲಿಲ್ಲ, ನಿಜ. ಆದರೆ ಅದನ್ನು ಬಿಗಿಯಲು 30ರ ಪಾನಾ ಬೇಕು, ಪಾನಾ ತಿರುಗಲು ಜಾಗ ಬೇಕು. ಹುಡುಗನೊಬ್ಬ ಪಾನಾದ ಬಾಯಿಯನ್ನು ಗ್ರೈಂಡರಿನಲ್ಲಿ ಸವೆಸಿ ಹೇಗೋ ಬಿಗಿದ. ಈಗ ಇಕ್ಕಟ್ಟಾದ ಜಾಗಗಳಲ್ಲಿ ಬೋಲ್ಟಿನ ಸುತ್ತ ಪಾನಾ ತಿರುಗುವಷ್ಟು ಅಗಲದ ಖಾಲಿ ಉರುಳೆಯನ್ನೂ ಮಾದರಿಯಲ್ಲಿ ಇಡುತ್ತೇನೆ. ಅದಕ್ಕೆ ಏನಾದರೂ ತಗುಲಿದರೆ ಪಟ್ಟಿಯಲ್ಲಿ ಬರುತ್ತದೆ. ತೂತಿನ ನಡುವಿನಿಂದ ಪ್ಲೇಟಿನ ಅಂಚಿಗಿರುವ ದೂರವೂ ಹೀಗೆಯೇ. ಎಂ20 ಬೋಲ್ಟಿಗೆ ತೂತು 22 ಮಿ.ಮೀ. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800ರ ಪ್ರಕಾರ ಯಂತ್ರದಲ್ಲಿ ಗ್ಯಾಸ್ ಕತ್ತರಿಸಿದ ಅಂಚಿಗೆ ತೂತಿನ ಒಂದೂವರೆ ಪಟ್ಟು, ಅಂದರೆ 33 ಮಿ.ಮೀ. ಸಾಕು. ಕೈಯಲ್ಲಿ ಕತ್ತರಿಸಿದರೆ 1.7 ಪಟ್ಟು, ಅಂದರೆ 37.4. ನಾನು 35 ಇಟ್ಟಿದ್ದೆ. ಆ ವಾರ ಶೆಡ್ಡಿನ ಸಿಎನ್‌ಸಿ ಕೆಟ್ಟು ಕೂತಿತ್ತು, ಕತ್ತರಿಸಿದ್ದು ಕೈಯಲ್ಲಿ. ಈಗ ಕಣ್ಣು ಮುಚ್ಚಿ 40 ಇಡುತ್ತೇನೆ.

ಎಲ್ಲಕ್ಕಿಂತ ದುಬಾರಿಯಾದದ್ದು ನಂಬರು. ಒಂದೇ ರೀತಿಯ ತುಂಡುಗಳಿಗೆ ಟೆಕ್ಲಾ ತಾನೇ ಒಂದೇ ನಂಬರು ಕೊಡುತ್ತದೆ, ಇದು ದೊಡ್ಡ ಉಪಕಾರ. ಆದರೆ ಅಳಿಸಿದ ತುಂಡಿನ ಹಳೆಯ ನಂಬರನ್ನು ಮತ್ತೆ ಬಳಸು ಎಂಬ ಗುರುತು ಸೆಟ್ಟಿಂಗಿನಲ್ಲಿ ಒತ್ತಿಯೇ ಇತ್ತು. ಡ್ರಾಯಿಂಗ್ ಕಳುಹಿಸಿದ ಮೇಲೆ ವಿನ್ಯಾಸ ಬದಲಾಯಿತು, ಪಿ-14 ಅಳಿಸಿತು, ಬೇರೆಯೇ ಆಕಾರದ ಪ್ಲೇಟೊಂದು ಪಿ-14 ಎಂಬ ಹೆಸರು ಹೊತ್ತು ಹುಟ್ಟಿತು. ಶೆಡ್ಡಿನ ಮೂಲೆಯಲ್ಲಿ ಹಳೆಯ ಪಿ-14ಗಳು ಬಣ್ಣ ಬಳಿದುಕೊಂಡು ಕಾಯುತ್ತಿದ್ದವು. ಇಬ್ಬರೂ ಒಂದೇ ಹೆಸರಿನವರು. ಲಾರಿ ಹತ್ತಿದವು ಹಳೆಯವು. ಈಗ ಒಂದು ಕಂತು ಹೊರಬಿದ್ದ ಕೂಡಲೇ ಅದರ ನಂಬರುಗಳಿಗೆ ಬೀಗ ಹಾಕುತ್ತೇವೆ.

ಐಎಫ್‌ಸಿ ಎಂಬ ಮೂರಕ್ಷರದ ಪೀಡೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಂಪ್ಯೂಟರಿನವರಿಗೆ ಅದು ಇಂಡಸ್ಟ್ರಿ ಫೌಂಡೇಶನ್ ಕ್ಲಾಸಸ್, ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾದರಿ ಸಾಗಿಸುವ ಫೈಲಿನ ಬಗೆ. ಸೈಟಿನವರಿಗೆ ಅದು ಇಶ್ಯೂಡ್ ಫಾರ್ ಕನ್‌ಸ್ಟ್ರಕ್ಷನ್, ನಿರ್ಮಾಣಕ್ಕೆ ಒಪ್ಪಿಗೆಯಾದ ನಕ್ಷೆಯ ಮೇಲಿನ ಮುದ್ರೆ. ಪರಿಶೀಲನೆಗೆಂದು ಕಳುಹಿಸಿದ ಮಾದರಿಯನ್ನು ಒಬ್ಬರು ಒಪ್ಪಿಗೆಯಾದದ್ದೆಂದು ತಿಳಿದು ಪ್ಲೇಟ್ ತರಿಸಲು ಹೊರಟಿದ್ದರು. ಅಂದಿನಿಂದ ಪತ್ರದಲ್ಲಿ “ಮಾದರಿ ಫೈಲು, ನೋಡಲು ಮಾತ್ರ” ಎಂದು ಬರೆಯುತ್ತೇನೆ.

ಮಾದರಿ ನಮ್ಮ ಮಾನ ಉಳಿಸಿದ್ದು ಅಡಿಪಾಯದಲ್ಲಿ. ಎರೆಮಣ್ಣಿನಲ್ಲಿ ತೋಡಿ ಕಾಂಕ್ರೀಟ್ ಹಾಕಿದ ಪೆಡೆಸ್ಟಲ್‌ಗಳಲ್ಲಿ (ಕಂಬದ ಕೆಳಗಿನ ಗಿಡ್ಡ ಪೀಠಗಳಲ್ಲಿ) ಹೂತ ಆಂಕರ್ ಬೋಲ್ಟ್‌ಗಳು ನಕ್ಷೆಯಲ್ಲಿದ್ದಲ್ಲೇ ಇರುತ್ತವೆ ಎಂದು ನಂಬುವವನು ಈ ಕಸುಬಿಗೆ ಹೊಸಬ. ಕಂಬದ ಬುಡದ ಬೇಸ್ ಪ್ಲೇಟ್ ಕತ್ತರಿಸುವ ಮೊದಲು ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಇಟ್ಟು ಪ್ರತಿ ಬೋಲ್ಟನ್ನೂ ಅಳೆಸಿ, ಆ ಬಿಂದುಗಳನ್ನು ಮಾದರಿಗೆ ತಂದೆವು. ಎರಡು ಕಡೆ ಬೋಲ್ಟ್‌ಗಳ ಗುಂಪೇ ಸರಿದಿತ್ತು, ಒಂದು ಕಡೆ 18 ಮಿ.ಮೀ., ಇನ್ನೊಂದು ಕಡೆ 25. ಎಂಜಿನಿಯರರ ಒಪ್ಪಿಗೆ ಪಡೆದು ಆ ಎರಡು ಬೇಸ್ ಪ್ಲೇಟುಗಳ ತೂತುಗಳನ್ನಷ್ಟೇ ಸರಿಸಿದೆವು. ಅವಕ್ಕೆ ತಾವಾಗಿ ಬೇರೆ ನಂಬರು ಬಂತು, ಬೇರೆ ಹಾಳೆ ಬಂತು. ಕಂಬ ನಿಲ್ಲಿಸುವ ದಿನ ಸೈಟಿನಿಂದ ಒಂದೂ ಫೋನು ಬರಲಿಲ್ಲ. ಸಂಜೆ ನಾನೇ ಮಾಡಿ ಕೇಳಿದೆ. “ಏಕೆ, ಏನಾಯಿತು?” ಎಂದರು.

ಕೊನೆಯ ಗೋಪುರದ ಪ್ಲಾಟ್‌ಫಾರ್ಮನ್ನು ಲಾರಿಗೆ ಏರಿಸುವ ದಿನ ನಾನು ಶೆಡ್ಡಿನಲ್ಲಿದ್ದೆ. ಸರಪಳಿ ಎಲ್ಲಿ ಹಾಕಬೇಕೆಂದು ಕಾಕಾ ಬೀಮಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿದ್ದರು. ನಾನು ಮೊಬೈಲಿನಲ್ಲಿ ಮಾದರಿ ತೆರೆದು, ತೂಕದ ನಡುಬಿಂದು ಒಂದು ಗೇಣು ಎಡಕ್ಕಿದೆ ಎಂದು ತೋರಿಸಿದೆ. ಕಾಕಾ ಮಾತನಾಡದೆ ಸರಪಳಿಯನ್ನು ನಾನು ಹೇಳಿದಲ್ಲಿಗೆ ಸರಿಸಿದರು. ಕ್ರೇನು ಎತ್ತಿತು. ಪ್ಲಾಟ್‌ಫಾರ್ಮಿನ ಬಲ ಮಗ್ಗುಲು ಮೆಲ್ಲಗೆ ಕೆಳಗೆ ವಾಲಿತು.

“ಕಾಕಾ, ಬಲಗಡೆ ಏನಿದೆ?” ಎಂದೆ.

“ಕೈಕಂಬಿ. ಮೇಲೆ ಹೋಗಿ ಯಾರು ವೆಲ್ಡ್ ಮಾಡುತ್ತಾರೆ ಎಂದು ಬೆಳಿಗ್ಗೆ ಇಲ್ಲಿಯೇ ಹಚ್ಚಿಬಿಟ್ಟೆವು.”

ನನ್ನ ಮಾದರಿಯಲ್ಲಿ ಕೈಕಂಬಿ ಬೇರೆ ಗಂಟು, ಸೈಟಿನಲ್ಲಿ ಜೋಡಿಸುವುದು ಎಂದಿತ್ತು. ಕೆಳಗಿಳಿಸಿ, ಸರಪಳಿಯನ್ನು ಸೀಮೆಸುಣ್ಣದ ಗೆರೆಗೆ ತಂದು ಮತ್ತೆ ಎತ್ತಿಸಿದರು. ಈ ಸಲ ನೆಟ್ಟಗೆ ಎದ್ದಿತು. ಕಚೇರಿಗೆ ಬಂದು ಕೈಕಂಬಿಯನ್ನು ಅದೇ ಅಸೆಂಬ್ಲಿಗೆ ಸೇರಿಸಿದೆ. ನಡುಬಿಂದು ಗೆರೆಯಿಂದ ಎರಡು ಬೆರಳಿನಷ್ಟು ದೂರಕ್ಕೆ ಬಂದು ನಿಂತಿತು.